ರುಪುನುನಿ: ಬೇಟೆಗಾರನ ಕಣ್ಣಿಗೆ ಬಂದ ಹೊಸ ಕೆಲಸ

ದಕ್ಷಿಣ ಅಮೆರಿಕದ ವನ್ಯಜೀವಿಗಳೆಂದೊಡನೆ ಅಮೆಜಾನಿನ ದಟ್ಟ ಕಾಡು ಕಣ್ಣ ಮುಂದೆ ಬರುವುದು ವಾಡಿಕೆಯಾದರೂ, ಅಲ್ಲಿನ ದೊಡ್ಡ ಪ್ರಾಣಿಗಳನ್ನು ನೋಡಗೊಡುವುದರಲ್ಲಿ ಕಾಡಿಗಿಂತ ಹುಲ್ಲುಗಾವಲೇ ಉದಾರಿ. ಮಳೆಕಾಡಿನಲ್ಲಿ ದಿನವಿಡೀ ನಡೆದರೂ ಹಕ್ಕಿಯ ದನಿ ಕೇಳಿಸೀತೇ ಹೊರತು ಹಕ್ಕಿ ಕಾಣಿಸದೆ ಹೋಗಬಹುದು. ಬಯಲಿನಲ್ಲಾದರೋ ಅರ್ಧ ಮೈಲಿ ದೂರದಲ್ಲಿ ತಲೆಯೆತ್ತಿದ ಕೊಕ್ಕರೆಯೂ ಕಣ್ಣಿಗೆ ಬೀಳುತ್ತದೆ. ಅಲ್ಲಲ್ಲಿ ಕುಳ್ಳು ಮರಗಳಿದ್ದು ಉಳಿದದ್ದೆಲ್ಲ ಹುಲ್ಲೇ ಆಗಿರುವ ಉಷ್ಣವಲಯದ ಇಂಥ ಬಯಲಿಗೆ ಸವನ್ನಾ ಎಂದು ಹೆಸರು. ಬ್ರೆಜಿಲಿನ ಸೆರಾಡೊ, ವೆನೆಜುವೆಲಾ ಮತ್ತು ಕೊಲಂಬಿಯಾಗಳಿಗೆ ಹಂಚಿಹೋಗಿರುವ ಲಾನೋಸ್ ಈ ಜಾತಿಯವೇ. ಇವುಗಳ ನಡುವೆ ಗಾತ್ರದಲ್ಲಿ ಚಿಕ್ಕದಾಗಿದ್ದೂ ವನ್ಯಜೀವಿ ವೀಕ್ಷಣೆಗೆ ತನ್ನದೇ ಆದ ಕ್ರಮವೊಂದನ್ನು ಕಂಡುಕೊಂಡಿರುವುದು ಗಯಾನಾ ದೇಶದ ರುಪುನುನಿ.

ಗಯಾನಾ ಎಂಬ ಹೆಸರು ಕನ್ನಡಿಗರಿಗೆ ಪರಿಚಿತವಾಗಿರುವುದು ಬಹುಮಟ್ಟಿಗೆ ಕ್ರಿಕೆಟ್ಟಿನಿಂದ. ರೋಹನ್ ಕನ್ಹಾಯ್, ಕ್ಲೈವ್ ಲಾಯ್ಡ್, ಶಿವನಾರಾಯಣ್ ಚಂದ್ರಪಾಲ್ ಮೂವರೂ ಅಲ್ಲಿಯವರು. ವಿಸ್ತೀರ್ಣದಲ್ಲಿ ಕರ್ನಾಟಕಕ್ಕಿಂತ ತುಸು ದೊಡ್ಡದಾದ ಈ ದೇಶದ ಜನಸಂಖ್ಯೆ ಎಂಟು ಲಕ್ಷದ ಆಸುಪಾಸಿನಲ್ಲಿದ್ದು, ಅದರಲ್ಲಿ ಬಹುಪಾಲು ಅಟ್ಲಾಂಟಿಕ್ ಕರಾವಳಿಯ ಕಿರಿದಾದ ಪಟ್ಟಿಯಲ್ಲೇ ನೆಲೆಸಿದೆ. 1838ರಿಂದ ಕಬ್ಬಿನ ತೋಟಗಳ ಕರಾರು ಕೂಲಿಗಳಾಗಿ ಹಡಗು ಹತ್ತಿದ ಭಾರತೀಯರ ಸಂತತಿಯೂ ಹೆಚ್ಚಾಗಿ ಈ ಪಟ್ಟಿಯಲ್ಲೇ ಉಳಿದುಕೊಂಡಿತು. ಒಳನಾಡು ಬಹುತೇಕ ಕಾಡು. ಆ ಕಾಡನ್ನೆಲ್ಲ ದಾಟಿ ನೈರುತ್ಯದ ಮೂಲೆಗೆ, ಬ್ರೆಜಿಲಿನ ಗಡಿಯ ಬಳಿಗೆ ಹೋದರೆ ಮರಗಳು ಗೆರೆ ಕೊರೆದಂತೆ ನಿಂತು ಸುಮಾರು 13,000 ಚದರ ಕಿಲೋಮೀಟರಿನ ಬಯಲು ತೆರೆದುಕೊಳ್ಳುತ್ತದೆ. ನಡುವೆ ಹಾದುಹೋಗುವ ಕಾನುಕು ಬೆಟ್ಟಸಾಲು ಅದನ್ನು ಉತ್ತರ ಮತ್ತು ದಕ್ಷಿಣ ರುಪುನುನಿಗಳೆಂದು ಎರಡಾಗಿಸಿದೆ. ಉತ್ತರದಲ್ಲಿ ಹೆಚ್ಚಾಗಿ ಮಕುಶಿ ಜನರೂ ದಕ್ಷಿಣದಲ್ಲಿ ವಾಪಿಶಾನ ಜನರೂ ವಾಸಿಸುತ್ತಾರೆ. ಇಬ್ಬರೂ ಅಲ್ಲಿನ ಮೂಲನಿವಾಸಿಗಳು. ರಾಜಧಾನಿ ಜಾರ್ಜ್‌ಟೌನಿನಿಂದ ಗಡಿಯ ಊರಾದ ಲೆಥೆಮ್‌ಗೆ ಪುಟ್ಟ ವಿಮಾನದಲ್ಲಿ ಒಂದೂವರೆ ಗಂಟೆಯೊಳಗೆ ತಲುಪಬಹುದು. ನೆಲದ ಮೇಲಾದರೆ ಕಾಡಿನ ನಡುವಿನ ಕೆಮ್ಮಣ್ಣಿನ ದಾರಿಯಲ್ಲಿ, ಎಸೆಕ್ವಿಬೊ ನದಿಯನ್ನು ದಾಟಿಕೊಂಡು, ಒಂದಿಡೀ ದಿನದ ಪ್ರಯಾಣ.

ಬಯಲಿನಲ್ಲಿ ಕಾಡು ಏಕೆ ಬೆಳೆಯಲಿಲ್ಲ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಅಲ್ಲಿನ ಮಣ್ಣು ಸಾರ ಕಳೆದುಕೊಂಡ ಹುಳಿಮಣ್ಣು. ಮಳೆಯೆಲ್ಲ ಮೇ ತಿಂಗಳಿಂದ ಆಗಸ್ಟ್‌ವರೆಗಿನ ಒಂದೇ ಋತುವಿನಲ್ಲಿ ಸುರಿದು ನೆಲವನ್ನು ಮುಳುಗಿಸುತ್ತದೆ, ವರ್ಷದ ಉಳಿದ ಭಾಗದಲ್ಲಿ ಅದೇ ನೆಲ ಬಿರುಕು ಬಿಡುವಂತೆ ಒಣಗುತ್ತದೆ. ಇದರ ಮೇಲೆ ಬೆಂಕಿ. ಮುಳುಗಡೆ, ಬರ, ಉರಿ ಮೂರನ್ನೂ ತಾಳಿಕೊಳ್ಳಬಲ್ಲ ಮರಗಳು ವಿರಳ. ತಾಳಿಕೊಂಡವುಗಳಲ್ಲಿ ಮುಖ್ಯವಾದದ್ದು ನಮ್ಮ ಕನಿಗಲು ಮರದ ಕುಟುಂಬಕ್ಕೇ ಸೇರಿದ ಉಜ್ಜುಕಾಗದದ ಮರ. ಇದರ ಎಲೆ ಮರಗೆಲಸದವರ ಉಜ್ಜುಕಾಗದದಷ್ಟೇ ಒರಟಾಗಿರುವುದರಿಂದ ಈ ಹೆಸರು ಬಂದಿದ್ದು, ತೊಗಟೆ ದಪ್ಪವಾಗಿರುವುದರಿಂದ ಹುಲ್ಲಿನ ಬೆಂಕಿ ಇದನ್ನು ಕೊಲ್ಲಲಾರದು. ನೀರು ನಿಲ್ಲುವ ತಗ್ಗುಗಳಲ್ಲಿ ಮಾತ್ರ ಬೀಸಣಿಗೆಯಂಥ ಎಲೆಗಳ ಇಟೆ ತಾಳೆಗಳು ಸಾಲುಗಟ್ಟಿ ನಿಲ್ಲುತ್ತವೆ. ಬಯಲಿನಲ್ಲಿ ನಡೆಯುವವರಿಗೆ ಆ ಸಾಲು ಕಂಡಲ್ಲಿ ನೀರಿದೆ ಎಂದೇ ಅರ್ಥ. ಬೆಂಕಿಯ ವಿಷಯದಲ್ಲಿ ಹೊರಗಿನವರು ಬೇಗನೆ ತೀರ್ಪು ಕೊಡುವುದುಂಟು. ಆದರೆ ದಾರಿ ಬಿಡಿಸಲು, ಹೊಸ ಚಿಗುರು ಬರಿಸಲು, ಮುಂದೆ ದೊಡ್ಡ ಬೆಂಕಿ ಹಬ್ಬದಂತೆ ತಡೆಯಲು ಮಕುಶಿ ಜನರು ತುಂಡು ತುಂಡಾಗಿ ಹುಲ್ಲು ಸುಡುತ್ತ ಬಂದಿರುವುದು ಬಹಳ ಹಿಂದಿನಿಂದ ಸಾಗಿಬಂದ ರೂಢಿ. ಬಯಲನ್ನು ಬಯಲಾಗಿ ಉಳಿಸುವುದರಲ್ಲಿ ಆ ರೂಢಿಯ ಪಾಲೂ ಇದೆ.

ಮಳೆಗಾಲದ ಮುಳುಗಡೆಯದು ಇನ್ನೊಂದು ಕಥೆ. ರುಪುನುನಿ ನದಿ ಎಸೆಕ್ವಿಬೊವನ್ನು ಸೇರಿ ನೇರ ಅಟ್ಲಾಂಟಿಕ್ ಸಾಗರಕ್ಕೆ ಹೋಗುತ್ತದೆ. ಪಕ್ಕದ ಇರೆಂಗ್ ಮತ್ತು ತಕುತು ನದಿಗಳು ಬ್ರೆಜಿಲಿನ ಕಡೆಗೆ ಹರಿದು ಕೊನೆಗೆ ಅಮೆಜಾನನ್ನು ಕೂಡಿಕೊಳ್ಳುತ್ತವೆ. ಬೇಸಿಗೆಯಲ್ಲಿ ಎರಡರ ನಡುವೆ ಒಣ ಹುಲ್ಲು ಬಿಟ್ಟರೆ ಬೇರೇನೂ ಇರುವುದಿಲ್ಲ. ಮಳೆ ತುಂಬಿದಾಗ ಎರಡೂ ಕಡೆಯ ನೀರು ಉಕ್ಕಿ ಒಂದಾಗಿ, ಒಂದು ಜಲಾನಯನದ ಮೀನು ಇನ್ನೊಂದಕ್ಕೆ ಈಜಿಕೊಂಡು ಹೋಗುವಷ್ಟು ದಾರಿಯಾಗುತ್ತದೆ. ಉತ್ತರ ರುಪುನುನಿಯ ಜೌಗಿನಲ್ಲಿ ನಾನೂರಕ್ಕೂ ಹೆಚ್ಚು ಜಾತಿಯ ಮೀನುಗಳಿರುವುದಕ್ಕೆ ಇದೂ ಒಂದು ಕಾರಣ. ವಾಲ್ಟರ್ ರ‍್ಯಾಲೆ 1596ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಯುರೋಪಿನಲ್ಲಿ ಇನ್ನಷ್ಟು ಹೆಸರಾದ ಎಲ್ ಡೊರಾಡೊ ಎಂಬ ಚಿನ್ನದ ಪಟ್ಟಣ ಒಂದು ಮಹಾಸರೋವರದ ದಡದಲ್ಲಿದೆಯೆಂದು ನಂಬಿ, ಎರಡು ಶತಮಾನಗಳ ಕಾಲ ನಕಾಶೆಗಳಲ್ಲಿ ಪರಿಮೆ ಎಂಬ ಸರೋವರವನ್ನು ಬರೆಯಲಾಗುತ್ತಿತ್ತು. ಅಲೆಕ್ಸಾಂಡರ್ ಹಂಬೋಲ್ಟ್ ಅದು ರುಪುನುನಿಯ ಮಳೆಗಾಲದ ನೆರೆಯೇ ಇರಬೇಕೆಂದು ತರ್ಕಿಸಿದರು; 1830ರ ದಶಕದಲ್ಲಿ ಇಲ್ಲಿ ಸಂಚರಿಸಿದ ರಾಬರ್ಟ್ ಷೊಂಬರ್ಕ್ ಅಮುಕು ಎಂಬ ಜೌಗನ್ನು ಕಂಡು ಆ ಮಾತನ್ನು ಒಪ್ಪಿದರು. ಚಿನ್ನಕ್ಕಾಗಿ ಹಡಗು ಕಟ್ಟಿ ಬಂದವರ ಮಹಾಸರೋವರ ವರ್ಷಕ್ಕೆ ನಾಲ್ಕು ತಿಂಗಳು ಮಾತ್ರ ಇರುತ್ತಿತ್ತು.

ಹೊರಗಿನವರು ಇಲ್ಲಿಗೆ ಏನನ್ನಾದರೂ ಹಿಡಿದುಕೊಂಡು ಹೋಗಲೆಂದೇ ಬರುತ್ತಿದ್ದರು ಎನ್ನುವುದು ಈ ನೆಲದ ಇತಿಹಾಸದ ಎದ್ದು ಕಾಣುವ ಲಕ್ಷಣ. 1812ರಲ್ಲಿ ಚಾರ್ಲ್ಸ್ ವಾಟರ್ಟನ್ ಎಂಬ ಆಂಗ್ಲ ನಿಸರ್ಗಾಸಕ್ತರು ಬಂದದ್ದು ಮಕುಶಿ ಬೇಟೆಗಾರರು ಬಾಣದ ತುದಿಗೆ ಬಳಿಯುತ್ತಿದ್ದ ವೂರಾಲಿ ವಿಷವನ್ನು ಪಡೆಯಲು. ಸ್ನಾಯುಗಳನ್ನು ಸಡಿಲಗೊಳಿಸಿ ಉಸಿರು ನಿಲ್ಲಿಸುವ ಈ ಜಾತಿಯ ವಿಷವೇ 1942ರ ಬಳಿಕ ಶಸ್ತ್ರಚಿಕಿತ್ಸೆಯ ಅರಿವಳಿಕೆಯಲ್ಲಿ ಕ್ಯುರಾರೆ ಎಂಬ ಹೆಸರಿನಿಂದ ನೆರವಿಗೆ ಬಂತು. 1950ರಲ್ಲಿ ಜೆರಾಲ್ಡ್ ಡರೆಲ್ ಮೃಗಾಲಯಗಳಿಗೆ ಪ್ರಾಣಿ ಸಂಗ್ರಹಿಸಲು ಬಂದು, ಕರನಾಂಬು ಎಂಬ ದನದ ಹಿಡುವಳಿಯಲ್ಲಿ ತಂಗಿ, ಕುದುರೆಯ ಮೇಲಿಂದ ಕುಣಿಕೆ ಹಗ್ಗ ಬೀಸಿ ದೈತ್ಯ ಇರುವೆಬಾಕವೊಂದನ್ನು ಹಿಡಿಸಿದರು. ಐದು ವರ್ಷಗಳ ನಂತರ ಡೇವಿಡ್ ಅಟೆನ್‌ಬರೊ ಲಂಡನ್ ಮೃಗಾಲಯದ ಸಂಗ್ರಾಹಕರೊಡನೆ ಕ್ಯಾಮೆರಾ ಹೊತ್ತು ಬಂದರು. ಇವರು ಒಯ್ದದ್ದು ಬೆರಳೆಣಿಕೆಯಷ್ಟು ಪ್ರಾಣಿಗಳನ್ನು. ಚರ್ಮದ ವ್ಯಾಪಾರಿಗಳು ಒಯ್ದದ್ದಕ್ಕೆ ಲೆಕ್ಕವಿಲ್ಲ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಯುರೋಪು ಮತ್ತು ಅಮೆರಿಕದ ಕೋಟು, ಚೀಲ, ಪಾದರಕ್ಷೆಗಳಿಗಾಗಿ ದೈತ್ಯ ನೀರುನಾಯಿಯೂ ಕಪ್ಪು ಕೈಮನ್ ಎಂಬ ಮೊಸಳೆಯೂ ಖಂಡದುದ್ದಕ್ಕೂ ಬಹುತೇಕ ಬರಿದಾದವು.

ಇಂದು ರುಪುನುನಿಗೆ ಬರುವ ಪ್ರವಾಸಿಗೆ ಈ ಪ್ರಾಣಿಗಳನ್ನು ತೋರಿಸುವವರು ಬಹುಮಟ್ಟಿಗೆ ಅದೇ ಊರುಗಳ ಜನ. ಹಿಡಿಯುವುದಕ್ಕೆ ಬೇಕಾಗಿದ್ದ ವಿದ್ಯೆಯೇ ತೋರಿಸುವುದಕ್ಕೂ ಬೇಕು, ಏಕೆಂದರೆ ಎರಡಕ್ಕೂ ಮೊದಲು ಪ್ರಾಣಿಯನ್ನು ಕಾಣಬೇಕು. ಇದನ್ನು ಬೇಟೆಗಾರರು ಪಶ್ಚಾತ್ತಾಪಪಟ್ಟು ರಕ್ಷಕರಾದ ಕಥೆಯೆಂದು ಹೇಳಿಬಿಡುವುದು ಸುಲಭವಾದರೂ ಅದು ಅರ್ಧಸತ್ಯವೇ. ಮಕುಶಿಗಳು ತಮ್ಮ ಮಡಕೆಗಾಗಿ ಬೇಟೆಯಾಡಿದ್ದರಿಂದ ನದಿಗಳು ಬರಿದಾಗಲಿಲ್ಲ. ಅವರ ಕೌಶಲವನ್ನು ಹೊರಗಿನ ಮಾರುಕಟ್ಟೆ ಕೊಂಡುಕೊಂಡಾಗ ಬರಿದಾದವು. ಈಗ ಅದೇ ಕೌಶಲವನ್ನು ಕೊಳ್ಳುವವರು ಬೇರೆ.

ದೈತ್ಯ ಇರುವೆಬಾಕದ ವೀಕ್ಷಣೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಸೂರ್ಯ ಏರುವ ಮೊದಲೇ ವಕೇರೋ ಒಬ್ಬ ಬಯಲಿಗೆ ಇಳಿಯುತ್ತಾನೆ. ವಕೇರೋ ಎಂದರೆ ಕುದುರೆಯೇರಿ ದನ ಕಾಯುವ ಸವಾರ. ಸ್ಪ್ಯಾನಿಷ್ ಭಾಷೆಯಿಂದ ಬಂದ ಈ ಪದದ ಬೇರು ಹಸು ಎಂಬರ್ಥದ ಶಬ್ದ. ರುಪುನುನಿಯ ವಕೇರೋಗಳು ಬರಿಗಾಲಿನಲ್ಲೇ ಸವಾರಿ ಮಾಡುವುದಕ್ಕೆ ಹೆಸರಾದವರು, ಮತ್ತು ಈಸ್ಟರ್ ಸಮಯದಲ್ಲಿ ಲೆಥೆಮ್‌ನಲ್ಲಿ ನಡೆಯುವ ರೋಡಿಯೊ ಎಂಬ ಸವಾರಿ ಸ್ಪರ್ಧೆಗೆ ಜನ ದೂರದ ಹಳ್ಳಿಗಳಿಂದ ಸೇರುತ್ತಾರೆ. ರಾತ್ರಿಯಲ್ಲಿ ಮೇದ ಇರುವೆಬಾಕ ಬಿಸಿಲೇರಿದೊಡನೆ ಪೊದೆಯ ನೆರಳು ಹುಡುಕಿ ಮಲಗಿಬಿಡುವುದರಿಂದ ಕಾಣಸಿಗುವ ಅವಧಿ ಬೆಳಗಿನ ಒಂದೆರಡು ಗಂಟೆ ಮಾತ್ರ. ತನ್ನ ಬಾಲವನ್ನೇ ಹೊದ್ದು ಮಲಗಿದ ಈ ಪ್ರಾಣಿ ಹತ್ತು ಮಾರು ದೂರದಿಂದಲೂ ಒಣಹುಲ್ಲಿನ ಕಂತೆಯಂತೆಯೇ ತೋರುತ್ತದೆ. ಕಂತೆಗೂ ಬಾಲಕ್ಕೂ ಇರುವ ವ್ಯತ್ಯಾಸ ತಿಳಿಯಲು ಆ ಬಯಲಿನಲ್ಲೇ ಬೆಳೆದಿರಬೇಕು. ಸವಾರ ಅದನ್ನು ಕಂಡು ಸುದ್ದಿ ಮುಟ್ಟಿಸಿದ ಮೇಲೆ ಪ್ರವಾಸಿಗಳಿದ್ದ ಜೀಪು ಆ ದಿಕ್ಕಿಗೆ ಹೊರಡುತ್ತದೆ, ಕೊನೆಯ ಸ್ವಲ್ಪ ದೂರವನ್ನು ಎಲ್ಲರೂ ಗಾಳಿಗೆ ಎದುರಾಗಿ, ಮಾತಿಲ್ಲದೆ, ನಡೆದು ದಾಟುತ್ತಾರೆ. ಇರುವೆಬಾಕದ ಕಣ್ಣು ಮಂದ, ಮೂಗು ಬಹಳ ಚುರುಕು. ಗಾಳಿ ತಿರುಗಿತೆಂದರೆ ಅಂದಿನ ಬೆಳಗು ಮುಗಿದಂತೆ.

ಕಂಡಾಗ ಕಾಣುವುದು ಮೂಗಿನಿಂದ ಬಾಲದ ತುದಿಯವರೆಗೆ ಸುಮಾರು ಎರಡು ಮೀಟರ್ ಉದ್ದದ, ಕೊಳವೆಯಂಥ ಮೂತಿಯ, ಹೆಗಲ ಮೇಲೆ ಬಿಳಿಯಂಚಿನ ಕಪ್ಪು ಪಟ್ಟೆಯ ವಿಚಿತ್ರ ಆಕೃತಿ. ಬಾಯಲ್ಲಿ ಒಂದು ಹಲ್ಲೂ ಇಲ್ಲ. ಸುಮಾರು 60 ಸೆಂಟಿಮೀಟರ್ ಉದ್ದದ ಅಂಟು ನಾಲಿಗೆ ನಿಮಿಷಕ್ಕೆ 150 ಬಾರಿಯವರೆಗೆ ಒಳಹೊರಗೆ ಓಡಾಡಬಲ್ಲದು. ಮುಂಗಾಲಿನ ಉಗುರುಗಳು ಹುತ್ತ ಬಗೆಯಲು ಬೇಕಾದ ಆಯುಧವಾದ್ದರಿಂದ ಅವು ಸವೆಯದಂತೆ ಬೆರಳುಗಳನ್ನು ಒಳಗೆ ಮಡಚಿ ಗೆಣ್ಣುಗಳ ಮೇಲೆ ಹೆಜ್ಜೆಯಿಡುತ್ತದೆ. ಒಂದು ಹುತ್ತದ ಬಳಿ ಅದು ನಿಲ್ಲುವುದು ಸುಮಾರು ಒಂದು ನಿಮಿಷ. ಅಷ್ಟರಲ್ಲಿ ಕಾವಲಿನ ಗೆದ್ದಲುಗಳು ಕಚ್ಚಲು ಆರಂಭಿಸುತ್ತವೆ, ಇರುವೆಬಾಕ ಮುಂದಿನ ಹುತ್ತಕ್ಕೆ ಹೋಗುತ್ತದೆ, ಬಿಟ್ಟುಹೋದ ಗೂಡು ರಿಪೇರಿಯಾಗಿ ಮತ್ತೆ ಊಟವಾಗಲು ಉಳಿಯುತ್ತದೆ. ಹೀಗೆ ದಿನಕ್ಕೆ ಮೂವತ್ತು ಸಾವಿರದವರೆಗೆ ಇರುವೆ, ಗೆದ್ದಲುಗಳು ಹೊಟ್ಟೆ ಸೇರುತ್ತವೆ. ಇಂಥ ಬಡ ಆಹಾರದಿಂದ ದೊಡ್ಡ ಮೈಯನ್ನು ಸಾಕಬೇಕಾದ್ದರಿಂದಲೇ ಅದರ ದೇಹದ ಉಷ್ಣತೆ ಸುಮಾರು 33 ಡಿಗ್ರಿಯಷ್ಟೇ ಇದ್ದು, ಸಸ್ತನಿಗಳಲ್ಲಿ ಬಹಳ ಕಡಿಮೆಯದೆನಿಸಿದೆ. ಮರಿ ತಾಯಿಯ ಬೆನ್ನೇರಿ ಕುಳಿತಾಗ ಎರಡರ ಪಟ್ಟೆಗಳೂ ಕೂಡಿಕೊಂಡು ಮರಿ ಇರುವುದೇ ತಿಳಿಯದಂತಾಗುತ್ತದೆ. ಕರ್ನಾಟಕದ ಕಾಡುಗಳ ಚಿಪ್ಪುಹಂದಿಗೂ ಹಲ್ಲಿಲ್ಲ, ಉದ್ದ ನಾಲಿಗೆಯಿದೆ, ಗೆದ್ದಲೇ ಅನ್ನ. ಆದರೆ ಎರಡಕ್ಕೂ ರಕ್ತಸಂಬಂಧವಿಲ್ಲ. ಒಂದೇ ಕಸುಬು ಹಿಡಿದ ಇಬ್ಬರು ಅಪರಿಚಿತರಿಗೆ ಒಂದೇ ಬಗೆಯ ಉಪಕರಣಗಳು ಒದಗಿಬಂದಂತೆ ಇದು.

ಹಿಡಿಯುವ ವಿದ್ಯೆ ಇನ್ನೂ ಅಕ್ಷರಶಃ ಉಳಿದಿರುವುದು ಯುಪುಕಾರಿ ಎಂಬ ಮಕುಶಿ ಹಳ್ಳಿಯಲ್ಲಿ. ಅಲ್ಲಿನ ತಂಡವೊಂದು ರಾತ್ರಿ ದೋಣಿಯಲ್ಲಿ ಹೊರಟು ರುಪುನುನಿ ನದಿಯ ಕಪ್ಪು ಕೈಮನ್‌ಗಳನ್ನು ಹಿಡಿದು, ಅಳೆದು, ಗುರುತು ಹಾಕಿ ಮತ್ತೆ ನೀರಿಗೆ ಬಿಡುತ್ತದೆ. ಪ್ರವಾಸಿಗಳು ಇನ್ನೊಂದು ದೋಣಿಯಲ್ಲಿ ಹಿಂದೆ ಹೋಗಿ ನೋಡಬಹುದು. ಮೊಸಳೆಯ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಮರಳಿಸುವ ಪದರವಿರುವುದರಿಂದ ಟಾರ್ಚ್ ಬಿದ್ದೊಡನೆ ಕತ್ತಲೆಯಲ್ಲಿ ಕೆಂಡದಂಥ ಎರಡು ಚುಕ್ಕೆಗಳು ಹೊಳೆಯುತ್ತವೆ, ಚುಕ್ಕೆಗಳ ನಡುವಿನ ಅಂತರ ನೋಡಿಯೇ ನುರಿತವರು ಪ್ರಾಣಿಯ ಗಾತ್ರ ಅಂದಾಜು ಮಾಡುತ್ತಾರೆ. ಕೋಲಿನ ತುದಿಯ ಕುಣಿಕೆಯನ್ನು ಕತ್ತಿಗೆ ಹಾಕಿ, ಅದು ಒದ್ದಾಡಿ ದಣಿದ ಮೇಲೆ ಬಾಯಿ ಕಟ್ಟಿ ಮರಳ ದಂಡೆಗೆ ಎಳೆಯುತ್ತಾರೆ. ಪೂರ್ತಿ ಬೆಳೆದ ಗಂಡು ನಾಲ್ಕೈದು ಮೀಟರ್ ಉದ್ದವಿರಬಲ್ಲದು. ಈ ದೃಶ್ಯದಲ್ಲಿ ತಮಾಷೆಯ ಅಂಶ ಇಲ್ಲವೇ ಇಲ್ಲ ಎನ್ನಲಾಗದು. ಆದರೂ ಅಳತೆಯ ಪಟ್ಟಿ ಹಿಡಿದವರು, ಪುಸ್ತಕದಲ್ಲಿ ಬರೆದುಕೊಳ್ಳುವವರು, ಗೂಡುಗಳನ್ನು ಎಣಿಸುವವರು ಊರಿನವರೇ. ಪ್ರವಾಸಿ ಅಲ್ಲಿ ನಡೆಯುತ್ತಿರುವ ಕೆಲಸಕ್ಕೆ ಪ್ರೇಕ್ಷಕನೇ ಹೊರತು ಅವನಿಗಾಗಿ ಹೂಡಿದ ಆಟವಲ್ಲ ಅದು.

ಡರೆಲ್ ತಂಗಿದ್ದ ಕರನಾಂಬುವಿನ ನಂತರದ ಕಥೆಯೂ ಇದೇ ತಿರುವಿನದು. ಟೈನಿ ಮೆಕ್‌ಟರ್ಕ್ ಎಂಬುವರು 1927ರಲ್ಲಿ ಅಲ್ಲಿ ನೆಲೆಯೂರಿ ದನ ಸಾಕಿದರು. ಮಗಳು ಡಯಾನ್ ಮೆಕ್‌ಟರ್ಕ್ ಮುಂದೆ ಅದನ್ನು ಅತಿಥಿಗಳು ತಂಗುವ ನೆಲೆಯಾಗಿಸಿದ್ದಲ್ಲದೆ, ತಾಯಿ ಕಳೆದುಕೊಂಡ ಅಥವಾ ಜನ ಸಾಕಲೆಂದು ಹಿಡಿದು ತಂದ ನೀರುನಾಯಿ ಮರಿಗಳನ್ನು ಬೆಳೆಸಿ ಮತ್ತೆ ನದಿಗೆ ಬಿಡುವ ಕೆಲಸವನ್ನು 2016ರಲ್ಲಿ ತೀರಿಕೊಳ್ಳುವವರೆಗೂ ತಮ್ಮ ಬದುಕಾಗಿಸಿಕೊಂಡರು. ನೆರೆಯ ಸುರಿನಾಮಿನ ಆಡುನುಡಿಯಲ್ಲಿ ಈ ಪ್ರಾಣಿಗಿರುವ ಹೆಸರಿಗೆ ‘ದೊಡ್ಡ ನೀರುನಾಯಿ’ ಎಂದೇ ಅರ್ಥವಾಗುವುದು ಕನ್ನಡದ ಕಿವಿಗೆ ಹಿತವೆನಿಸುವ ಸಂಗತಿ. ತುಂಗಭದ್ರೆಯ ನೀರುನಾಯಿಗಿಂತ ಇದು ಸುಮಾರು ಮೂರು ಪಟ್ಟು ಭಾರ, ಉದ್ದ ಮನುಷ್ಯನ ಎತ್ತರದಷ್ಟು. ಕುಟುಂಬವಾಗಿ ಬದುಕುತ್ತದೆ, ಹಗಲಿನಲ್ಲೇ ಬೇಟೆಯಾಡುತ್ತದೆ, ದೋಣಿ ಕಂಡರೆ ಓಡುವ ಬದಲು ನೀರಿನಿಂದ ಕತ್ತೆತ್ತಿ ನೋಡಿ ಗದ್ದಲ ಮಾಡುತ್ತದೆ. ಚರ್ಮದ ಬೇಟೆಗಾರರಿಗೆ ಅದು ಸುಲಭವಾಗಿ ಸಿಕ್ಕಿದ್ದು ಈ ಗುಣದಿಂದಲೇ, ಇಂದಿನ ಮಾರ್ಗದರ್ಶಿಗೆ ನೆರವಾಗುವುದೂ ಇದೇ ಗುಣ. ಪ್ರತಿಯೊಂದರ ಗಂಟಲ ಮೇಲೂ ತಿಳಿಬಣ್ಣದ ಮಚ್ಚೆಯ ಆಕಾರ ಬೇರೆ ಬೇರೆ ಇರುವುದರಿಂದ, ಕತ್ತೆತ್ತಿದ ಆ ಕ್ಷಣದಲ್ಲೇ ಇದು ಯಾವ ಕುಟುಂಬದ ಯಾವ ಸದಸ್ಯ ಎಂದು ಗುರುತಿಸಬಹುದು.

ಮೀನಿನ ವಿಷಯದಲ್ಲಿ ಈ ಪರಿವರ್ತನೆ ಇನ್ನೂ ಸೂಕ್ಷ್ಮವಾದದ್ದು. ಅರಪೈಮ ಮೂರು ಮೀಟರ್‌ವರೆಗೆ ಬೆಳೆಯಬಲ್ಲ, ಸಿಹಿನೀರಿನ ಅತಿ ದೊಡ್ಡ ಮೀನುಗಳಲ್ಲೊಂದು. ಕಿವಿರುಗಳಷ್ಟರಿಂದಲೇ ಅದಕ್ಕೆ ಉಸಿರು ಸಾಲದು, ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಮೇಲೆ ಬಂದು ಗಾಳಿ ನುಂಗಲೇಬೇಕು. ಈಟಿ ಹಿಡಿದ ಮೀನುಗಾರ ಕಾಯುತ್ತಿದ್ದದ್ದು ಆ ಗಳಿಗೆಯನ್ನೇ. ಮೀನು ಮೇಲೆ ಬಂದಾಗ ಏಳುವ ಸದ್ದು, ಅಲೆಯ ಆಕಾರ, ಕಂಡ ಬೆನ್ನಿನ ತುಣುಕು ಇಷ್ಟರಿಂದಲೇ ಅದರ ಗಾತ್ರವನ್ನೂ, ಹಿಂದೆ ಎದ್ದದ್ದು ಇದೇ ಮೀನೋ ಬೇರೆಯೋ ಎಂಬುದನ್ನೂ ಹೇಳಬಲ್ಲವರಿದ್ದಾರೆಂದು ಬ್ರೆಜಿಲಿನ ಮಾಮಿರಾವಾ ಪ್ರದೇಶದಲ್ಲಿ ಪರೀಕ್ಷಿಸಿ ನೋಡಿದ ಮೇಲೆ, ಇಪ್ಪತ್ತು ನಿಮಿಷಗಳ ಅವಧಿಯಲ್ಲಿ ಎದ್ದ ಮೀನುಗಳನ್ನು ಮೀನುಗಾರರಿಂದಲೇ ಎಣಿಸುವ ಗಣತಿ ವಿಧಾನ ರೂಪುಗೊಂಡಿತು. ಉತ್ತರ ರುಪುನುನಿಯ ಹಳ್ಳಿಗಳೂ ಅದನ್ನು ಕಲಿತುಕೊಂಡು ತಮ್ಮ ಕೆರೆಗಳಲ್ಲಿ ಅಳವಡಿಸಿದವು. ರೇವಾ ಹಳ್ಳಿಯಲ್ಲಿ ಪ್ರವಾಸಿಗಳಿಗೆ ಗಾಳ ಹಾಕಿ ಹಿಡಿದು ಮತ್ತೆ ಬಿಡುವ ಅವಕಾಶವೂ ಇದೆ.

ಹಕ್ಕಿಗಳಿಗಾಗಿಯೇ ಬರುವವರು ಇನ್ನೊಂದು ಬಗೆ. ಆಳೆತ್ತರಕ್ಕೆ ಸಮೀಪಿಸುವ ಜಬಿರು ಕೊಕ್ಕರೆ, ಹಗಲಿನಲ್ಲೂ ಬಿಲದ ಬಾಯಲ್ಲಿ ನಿಂತು ನೋಡುವ ಬಿಲಗೂಬೆ, ಇಟೆ ತಾಳೆಗಳಲ್ಲಿ ಸಂಜೆ ಗುಂಪುಗೂಡುವ ಮಕಾವ್ ಗಿಳಿಗಳು ಎಲ್ಲರಿಗೂ ಸಿಗುತ್ತವೆ. ಆದರೆ ಕೆಲವರು ಎರಡೇ ಹಕ್ಕಿಗಳಿಗಾಗಿ ಅರ್ಧ ಭೂಗೋಳ ದಾಟುವುದುಂಟು. ಒಂದು, ಕರಸಬೈ ಹಳ್ಳಿಯ ಸುತ್ತ ಉಳಿದಿರುವ ಬಂಗಾರದ ಬಣ್ಣದ ಸೂರ್ಯಗಿಳಿ. ಪಂಜರದ ವ್ಯಾಪಾರಕ್ಕಾಗಿ ಹಿಡಿದು ಹಿಡಿದು ಗಯಾನಾದ ಬೇರೆಡೆಯೆಲ್ಲ ಮಾಯವಾದ ಇದನ್ನು ಆ ಹಳ್ಳಿಯವರು ಈಗ ಕಾಯುತ್ತಾರೆ. ಇನ್ನೊಂದು ಕೆಂಪು ಸಿಸ್ಕಿನ್, ಗುಬ್ಬಿಗಿಂತ ಚಿಕ್ಕದು. ಸಾಕು ಕ್ಯಾನರಿ ಹಕ್ಕಿಯೊಡನೆ ಇದನ್ನು ಕೂಡಿಸಿ ಕೆಂಪು ಕ್ಯಾನರಿ ಪಡೆಯುವ ಹವ್ಯಾಸಿಗಳ ಹಂಬಲದಿಂದಾಗಿ ವೆನೆಜುವೆಲಾದಲ್ಲಿ ಇದು ಅಳಿವಿನಂಚಿಗೆ ಬಂದಿತ್ತು. 2000ದಲ್ಲಿ ದಕ್ಷಿಣ ರುಪುನುನಿಯಲ್ಲಿ, ತಿಳಿದಿದ್ದ ನೆಲೆಗಳಿಂದ ಬಹುದೂರದಲ್ಲಿ, ಇದರ ಗುಂಪೊಂದು ವಿಜ್ಞಾನಿಗಳ ಕಣ್ಣಿಗೆ ಬಿತ್ತು. ಹಿಡಿಯುವವರು ಮೊದಲು ತಲುಪದಿರಲೆಂದು ಸುದ್ದಿಯನ್ನು 2003ರವರೆಗೂ ಹೊರಬಿಡಲಿಲ್ಲ. ಅಷ್ಟರಲ್ಲಿ ಸ್ಥಳೀಯರು ಸೇರಿ ದಕ್ಷಿಣ ರುಪುನುನಿ ಸಂರಕ್ಷಣಾ ಸಂಘವನ್ನು ಕಟ್ಟಿಕೊಂಡಿದ್ದರು.

ಕಬಿನಿಯ ಜೀಪು ಸಫಾರಿಗೆ ಒಗ್ಗಿದವರಿಗೆ ಇಲ್ಲಿನ ವ್ಯವಸ್ಥೆ ಮೊದಲಿಗೆ ಅಸಡ್ಡೆಯದೆಂದು ತೋರಬಹುದು. ಸರದಿಯ ಗೇಟು, ಗಂಟೆಯ ಲೆಕ್ಕ, ಕಾವಲುಗೋಪುರಗಳು ಇಲ್ಲ. ಪ್ರವಾಸಿ ನಿಂತಿರುವುದು ಯಾರದೋ ಊರಿನ ನೆಲದ ಮೇಲೆ. ಮೂಲನಿವಾಸಿಗಳ ಹಳ್ಳಿಗಳಿಗೆ ತಮ್ಮ ಭೂಮಿಯ ಮೇಲೆ ಹಕ್ಕುಪತ್ರವಿದೆ, ತೊಶಾವ್ ಎಂದು ಕರೆಯಲಾಗುವ ಚುನಾಯಿತ ಮುಖಂಡನೂ ಗ್ರಾಮಮಂಡಲಿಯೂ ಒಪ್ಪದೆ ಹೊರಗಿನವರು ಅಲ್ಲಿ ಕಾಲಿಡುವಂತಿಲ್ಲ. ಸುರಾಮ ಎಂಬ ಮಕುಶಿ ಹಳ್ಳಿ ತನ್ನದೇ ವಸತಿಗೃಹ ನಡೆಸುತ್ತದೆ. ಅಡುಗೆ ಮಾಡುವವರು, ದೋಣಿ ನಡೆಸುವವರು, ಮಾರ್ಗದರ್ಶಿಗಳು ಎಲ್ಲ ಊರಿನವರೇ. ಬೆನಾಬ್ ಎಂಬ ತಾಳೆಗರಿಯ ಚಪ್ಪರದ ಕೆಳಗೆ ಬಡಿಸುವ ಊಟದಲ್ಲಿ ಮರಗೆಣಸು ಇದ್ದೇ ಇರುತ್ತದೆ. ಅಲ್ಲಿಯದು ವಿಷವಿರುವ ಕಹಿ ಜಾತಿ. ಅದನ್ನು ತುರಿದು, ಮಟಪಿ ಎಂಬ ಹೆಣೆದ ಉದ್ದ ಚೀಲಕ್ಕೆ ತುಂಬಿ, ಎಳೆದು ರಸ ಹಿಂಡಿ, ಉಳಿದ ಹಿಟ್ಟನ್ನು ರೊಟ್ಟಿಯಾಗಿಯೋ ಹುರಿದ ತರಿಯಾಗಿಯೋ ಮಾಡುತ್ತಾರೆ. ಹಿಂಡಿದ ರಸವನ್ನೂ ಚೆಲ್ಲದೆ, ವಿಷ ಹೋಗುವಂತೆ ಕುದಿಸಿ, ಮೀನು ಮತ್ತು ಮೆಣಸಿನೊಡನೆ ಟುಮಾ ಎಂಬ ಸಾರಾಗಿಸುತ್ತಾರೆ.

ಈ ಆದಾಯ ಎಷ್ಟು ಮನೆಗಳನ್ನು ಮುಟ್ಟುತ್ತದೆ ಎಂಬ ಪ್ರಶ್ನೆ ಉಳಿದೇ ಇದೆ. ಪ್ರಯಾಣ ದುಬಾರಿಯಾದ್ದರಿಂದ ಬರುವವರು ಕಡಿಮೆ. ಬಂದವರ ಹಣ ಎಲ್ಲ ಊರುಗಳಿಗೂ ಸಮನಾಗಿ ಹಂಚಿಹೋಗುವುದಿಲ್ಲ. 2019ರ ಕೊನೆಯಲ್ಲಿ ಗಯಾನಾದ ಕಡಲಿನಿಂದ ತೈಲ ಹೊರಬರತೊಡಗಿದ ಮೇಲೆ ದೇಶದ ಕೈಯಲ್ಲಿ ಹಣವಿದೆ, ಕರಾವಳಿಯಿಂದ ಲೆಥೆಮ್‌ವರೆಗಿನ ಕೆಮ್ಮಣ್ಣಿನ ದಾರಿಯನ್ನು ಡಾಂಬರು ರಸ್ತೆಯಾಗಿಸುವ ಕೆಲಸವೂ ಆರಂಭವಾಗಿದೆ. ಹಳ್ಳಿಯ ರೋಗಿಗೆ ಆ ರಸ್ತೆ ಬೇಕೇ ಬೇಕು. ಬಯಲನ್ನು ಬೀಳುಭೂಮಿಯೆಂದು ಕಾಣುವ ದೊಡ್ಡ ಬೇಸಾಯದ ಬಂಡವಾಳಕ್ಕೂ ಅದೇ ರಸ್ತೆ ಬೇಕು. ಕಾನುಕು ಬೆಟ್ಟಗಳಿಗೆ 2011ರಲ್ಲಿ ಸಂರಕ್ಷಿತ ಪ್ರದೇಶದ ಮಾನ್ಯತೆ ಸಿಕ್ಕಿತು. ಸುತ್ತಲಿನ ಹುಲ್ಲಿಗೆ ಅಂಥ ಬೇಲಿ ಇಲ್ಲ. ಕಾಡು ಕಡಿದರೆ ಕಡಿದದ್ದು ಎಲ್ಲರಿಗೂ ಕಾಣುತ್ತದೆ, ಹುಲ್ಲು ಉತ್ತರೆ ಹೊಲ ಕಾಣುತ್ತದೆ.

ಪ್ರವಾಸದ ಕಾಲ ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ, ಅದರಲ್ಲೂ ಕೆರೆಗಳು ಕುಗ್ಗಿ ಮೀನೂ ಹಕ್ಕಿಯೂ ಒಂದೆಡೆ ಒತ್ತೊತ್ತಾಗಿ ಸೇರುವ ಕೊನೆಯ ತಿಂಗಳುಗಳು. ಮೇ ತಿಂಗಳಲ್ಲಿ ಮೋಡ ಕಟ್ಟಿ ಮಳೆ ಹಿಡಿದರೆ ಜೀಪಿನ ಜಾಡುಗಳು ಒಂದೊಂದಾಗಿ ಮುಳುಗುತ್ತವೆ, ಇರುವೆಬಾಕಗಳು ದಿಬ್ಬಗಳಿಗೆ ಸರಿಯುತ್ತವೆ, ವಕೇರೋಗಳು ದನಗಳನ್ನು ಎತ್ತರದ ನೆಲಕ್ಕೆ ಅಟ್ಟುತ್ತಾರೆ. ಜೂನ್ ಕಳೆಯುವ ಹೊತ್ತಿಗೆ ಹಳ್ಳಿಯ ದೋಣಿ ಬೇಸಿಗೆಯ ಹುತ್ತಗಳ ನಡುವೆ ಸಾಗುತ್ತಿರುತ್ತದೆ, ಅದರ ಕೆಳಗೆ ಅಮೆಜಾನಿನ ಕಡೆಯ ಮೀನುಗಳು ಹುಲ್ಲಿನ ದಂಟುಗಳನ್ನು ಸರಿಸಿಕೊಂಡು ಎಸೆಕ್ವಿಬೊದ ಕಡೆಗೆ ದಾಟುತ್ತಿರುತ್ತವೆ.